ಶಿಶುವಿಹಾರದ ಮೊದಲ ವಾರ: ಮಗುವಿಗಿಂತ ಮೊದಲು ಮನೆ ಸಿದ್ಧವಾಗಬೇಕು

ಕರ್ನಾಟಕದಲ್ಲಿ ಶೈಕ್ಷಣಿಕ ವರ್ಷವು ಮೇ ತಿಂಗಳ ಕೊನೆಗೆ, ಮುಂಗಾರು ಕಾಲಿಡುವ ಹೊತ್ತಿಗೆ ಆರಂಭವಾಗುತ್ತದೆ. ಅದಕ್ಕೂ ಎಷ್ಟೋ ಮೊದಲೇ, ಮೂರು ನಾಲ್ಕು ವರ್ಷದ ಮಗುವಿರುವ ಮನೆಗಳಲ್ಲಿ ಬ್ಯಾಗು, ನೀರಿನ ಬಾಟಲಿ, ಸಮವಸ್ತ್ರ, ಶೂಗಳ ಖರೀದಿ ಮುಗಿದಿರುತ್ತದೆ. ಕೆಲವೆಡೆ ಅಆಇಈ ಮತ್ತು ಎಬಿಸಿಡಿಗಳ ತಾಲೀಮೂ ನಡೆದಿರುತ್ತದೆ. ಇವೆಲ್ಲ ಶಾಲೆಗೆ ಬೇಕಾದ ಸಾಮಗ್ರಿಯ ಸಿದ್ಧತೆಯೇ ಹೊರತು ಆ ವಾರದಲ್ಲಿ ನಿಜವಾಗಿ ನಡೆಯುವ ಸಂಗತಿಗೆ ಬೇಕಾದ ಸಿದ್ಧತೆಯಲ್ಲ. ಹುಟ್ಟಿದಂದಿನಿಂದ ಪರಿಚಿತ ಕೈಗಳ ನಡುವೆಯೇ ಬೆಳೆದ ಮಗುವೊಂದು ಮೊದಲ ಬಾರಿಗೆ, ತಾನು ಆರಿಸಿಕೊಳ್ಳದ ಜಾಗದಲ್ಲಿ, ಹೆಸರೂ ತಿಳಿಯದ ದೊಡ್ಡವರ ಸುಪರ್ದಿನಲ್ಲಿ ಕೆಲವು ಗಂಟೆಗಳನ್ನು ಕಳೆಯಬೇಕಾಗಿ ಬರುವುದೇ ಆ ವಾರದ ಮುಖ್ಯ ಸಂಗತಿ. ಈ ಅಗಲಿಕೆಯನ್ನು ಮಗು ಹೇಗೆ ದಾಟುತ್ತದೆ ಎಂಬುದು ಅದಕ್ಕೆ ಎಷ್ಟು ಅಕ್ಷರ ಬರುತ್ತದೆ ಎಂಬುದನ್ನು ಅವಲಂಬಿಸಿಲ್ಲ. ಮನೆಯವರೂ ಶಾಲೆಯವರೂ ಕೂಡಿ ಅದನ್ನು ಹೇಗೆ ದಾಟಿಸುತ್ತಾರೆ ಎಂಬುದನ್ನು ಅವಲಂಬಿಸಿದೆ.

ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸುವ ಪದ್ಧತಿ ಶಿಶುವಿಹಾರದ ಮೂಲದಲ್ಲಿ ಇದ್ದದ್ದಲ್ಲ. ಜರ್ಮನಿಯ ಶಿಕ್ಷಣ ಚಿಂತಕ ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಎಳೆಯ ಮಕ್ಕಳ ಆಟ ಮತ್ತು ಚಟುವಟಿಕೆಗಳ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟನು. ಅದಾದ ನಾಲ್ಕು ವರ್ಷಕ್ಕೆ ಅವನು ಹೊರತಂದ ಪುಸ್ತಕವು ಶಿಕ್ಷಕರಿಗೆ ಬರೆದ ಬೋಧನಾ ಕೈಪಿಡಿಯಾಗಿರದೆ, ತಾಯಂದಿರು ಮನೆಯಲ್ಲಿ ಕೂಸುಗಳೊಡನೆ ಆಡಬಹುದಾದ ಬೆರಳಾಟಗಳ ಮತ್ತು ಹಾಡುಗಳ ಸಂಗ್ರಹವಾಗಿತ್ತು. ಶಾಲೆಯ ಆಟವು ತಾಯಿಯ ಮಡಿಲಿನ ಆಟದ ಮುಂದುವರಿಕೆಯಾಗಬೇಕು ಎಂಬುದು ಅವನ ಎಣಿಕೆ. ಭಾರತದಲ್ಲಿ 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಬಾಲಮಂದಿರವನ್ನು ಕಟ್ಟಿದ ಗಿಜುಭಾಯಿ ಬಧೇಕಾ ಮಕ್ಕಳಿಗೆ ಬರೆದಷ್ಟೇ ಶ್ರದ್ಧೆಯಿಂದ ತಂದೆತಾಯಿಗಳಿಗೂ ಬರೆದರು. ಅವರೊಡನೆ ದುಡಿದು, ಮುಂದೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡದಲ್ಲಿ ನೆಲೆಸಿದ ತಾರಾಬಾಯಿ ಮೋಡಕ್ ಅವರಂತೂ ಬಡ ಕುಟುಂಬಗಳ ಮಕ್ಕಳು ಬಾಲವಾಡಿಗೆ ಬರಲಿ ಎಂದು ಕಾಯುತ್ತ ಕೂರದೆ, ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳ ಹಿಂದೆ ಈ ಅಂಗಳದ ಕಲ್ಪನೆಯಿದೆ. ಕರ್ನಾಟಕದಲ್ಲಿ ಆ ಯೋಜನೆ ಮೊದಲು ಜಾರಿಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ.

ಶಾಲೆಯ ಬಾಗಿಲಲ್ಲಿ ಮಗು ಅಳುವುದೇಕೆ ಎಂಬುದನ್ನು ಅರಿಯದೆ ಮುಂದಿನ ಯಾವ ಸಿದ್ಧತೆಗೂ ಅರ್ಥವಿರುವುದಿಲ್ಲ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ರೂಪಿಸಿದ ಬಾಂಧವ್ಯ ಸಿದ್ಧಾಂತವು, ಎಳೆಯ ಮಗು ತನ್ನನ್ನು ನಿತ್ಯವೂ ನೋಡಿಕೊಳ್ಳುವ ಒಬ್ಬಿಬ್ಬರ ಸಾಮೀಪ್ಯವನ್ನು ಹುಡುಕುವುದು ಮುದ್ದಿನಿಂದ ಕೆಟ್ಟ ಅಭ್ಯಾಸವಲ್ಲ, ಜೀವರಕ್ಷಣೆಗಾಗಿ ಪ್ರಕೃತಿ ಕೊಟ್ಟ ಸ್ವಭಾವ ಎಂದು ಪ್ರತಿಪಾದಿಸಿತು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ಈ ಬಾಂಧವ್ಯವನ್ನು ಸುಭದ್ರ ನೆಲೆ ಎಂದು ಕರೆದರು. ನೆಲೆ ಗಟ್ಟಿಯಾಗಿದೆ ಎಂಬ ಭರವಸೆ ಇರುವ ಮಗು ಅಲ್ಲಿಂದ ಹೊರಟು ಹೊಸದನ್ನು ಮುಟ್ಟಿ ನೋಡುತ್ತದೆ, ಹೆದರಿಕೆಯಾದಾಗ ಅಲ್ಲಿಗೇ ಮರಳುತ್ತದೆ. ಈ ನೆಲೆ ತಾಯಿಯೇ ಆಗಿರಬೇಕೆಂದಿಲ್ಲ. ತಂದೆ, ಅಜ್ಜಿ, ತಾತ, ಚಿಕ್ಕಮ್ಮ, ದಿನವಿಡೀ ನೋಡಿಕೊಳ್ಳುವ ಆಯಾ ಯಾರೂ ಆಗಬಹುದು, ನಮ್ಮ ಕೂಡುಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆಗಿರುವುದೇ ಸಾಮಾನ್ಯ. ಹೀಗಿರುವಾಗ ಶಾಲೆಯ ಬಾಗಿಲಲ್ಲಿ ಕಾಲಿಗೆ ತೆಕ್ಕೆ ಬೀಳುವ ಮಗುವನ್ನು ಹಟಮಾರಿ ಎಂದೋ ಅತಿ ಮುದ್ದಿನಿಂದ ಹಾಳಾದದ್ದೆಂದೋ ಬಗೆಯುವುದು ತಪ್ಪು. ಆ ಅಳು ಮನೆಯಲ್ಲಿ ಬಾಂಧವ್ಯ ಬೆಳೆದಿದೆ ಎಂಬುದರ ಸಾಕ್ಷಿ.

ಅಳದ ಮಗುವಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಬೌಲ್ಬಿಯವರ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್. ಆ ಕಾಲದ ಬ್ರಿಟಿಷ್ ಆಸ್ಪತ್ರೆಗಳಲ್ಲಿ, ತಂದೆತಾಯಿ ಬಂದುಹೋದರೆ ಮಕ್ಕಳು ಅತ್ತು ವಾರ್ಡಿನ ಶಿಸ್ತು ಕೆಡುತ್ತದೆಂದು ಭೇಟಿಗೆ ಕಟ್ಟುನಿಟ್ಟಿನ ಮಿತಿ ಹಾಕಲಾಗುತ್ತಿತ್ತು; ಒಂದೆರಡು ದಿನದಲ್ಲಿ ಸುಮ್ಮನಾಗುವ ಮಕ್ಕಳನ್ನು ಹೊಂದಿಕೊಂಡವರೆಂದು ದಾದಿಯರು ಎಣಿಸುತ್ತಿದ್ದರು. ರಾಬರ್ಟ್‌ಸನ್ 1952ರಲ್ಲಿ, ಸಣ್ಣ ಶಸ್ತ್ರಚಿಕಿತ್ಸೆಗಾಗಿ ಕೆಲವು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹೆಣ್ಣುಮಗುವೊಂದನ್ನು ಕುರಿತ ಚಿತ್ರವನ್ನು ವೈದ್ಯರ ಮುಂದೆ ಪ್ರದರ್ಶಿಸಿದರು. ಹೆಚ್ಚು ಅಳದೆ, ಮುಖ ಬಿಗಿಹಿಡಿದು, ತನ್ನ ಗೊಂಬೆಯನ್ನು ಅಪ್ಪಿಕೊಂಡು ಕುಳಿತ ಆ ಮಗುವಿನ ಮೌನ ಹೊಂದಾಣಿಕೆಯಲ್ಲ, ಒಳಗೇ ನುಂಗಿಕೊಂಡ ಸಂಕಟ ಎಂಬುದು ಅವರ ವಾದ. ಮೊದಲು ಪ್ರತಿಭಟನೆ, ಅನಂತರ ಹತಾಶೆ, ಕೊನೆಗೆ ನಂಟನ್ನೇ ಕಡಿದುಕೊಂಡಂಥ ನಿರ್ಲಿಪ್ತಿ, ಹೀಗೆ ದೀರ್ಘ ಅಗಲಿಕೆಯ ಮೂರು ಹಂತಗಳನ್ನು ಅವರು ಗುರುತಿಸಿದರು. ಚಿತ್ರವನ್ನು ಕಂಡ ವೈದ್ಯರಲ್ಲಿ ಹಲವರು ಸಿಟ್ಟಾದರು. ಆದರೆ 1959ರ ಪ್ಲಾಟ್ ಸಮಿತಿಯ ವರದಿಯು ಮಕ್ಕಳ ವಾರ್ಡಿನಲ್ಲಿ ಪೋಷಕರ ಭೇಟಿಗೆ ಇದ್ದ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ದಿನಕ್ಕೆ ಮೂರು ಗಂಟೆಯ ಶಿಶುವಿಹಾರ ಆಸ್ಪತ್ರೆಯ ವಾಸಕ್ಕೆ ಸಮವಲ್ಲ ನಿಜ. ಆದರೂ ನಿಮ್ಮ ಮಗು ಎರಡೇ ದಿನದಲ್ಲಿ ಸೆಟ್ ಆಯಿತು, ಈಗ ಅಳುವುದೇ ಇಲ್ಲ ಎಂದು ಶಾಲೆ ಹೇಳಿದಾಗ ಪೋಷಕರು ನೆಮ್ಮದಿಯ ನಿಟ್ಟುಸಿರು ಬಿಡುವ ಮೊದಲು, ಅದು ಅಲ್ಲಿ ಆಡುತ್ತಿದೆಯೇ, ಯಾರೊಡನಾದರೂ ಮಾತನಾಡುತ್ತಿದೆಯೇ, ಬಿದ್ದು ನೋವಾದರೆ ಟೀಚರ ಬಳಿ ಓಡುತ್ತದೆಯೇ ಎಂದು ಕೇಳಿ ತಿಳಿಯುವುದು ಅಗತ್ಯ.

ಈ ಕೊನೆಯ ಪ್ರಶ್ನೆಯನ್ನೇ ಅಳತೆಗೋಲಾಗಿಸಿಕೊಂಡ ಒಂದು ವ್ಯವಸ್ಥೆ ಜರ್ಮನಿಯಲ್ಲಿದೆ. ಬರ್ಲಿನ್ ಮಾದರಿ ಎಂದು ಹೆಸರಾದ, 1980ರ ದಶಕದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನೊಡನೆ ಸುಮಾರು ಒಂದು ಗಂಟೆ ಕೋಣೆಯೊಳಗೇ ಕುಳಿತಿರುತ್ತಾರೆ. ಆಗ ಮಗುವನ್ನು ಬಿಟ್ಟುಹೋಗುವ ಪ್ರಯತ್ನವೇ ಇರುವುದಿಲ್ಲ, ಮಗುವನ್ನು ಆಟಕ್ಕೆ ದೂಡುವುದೂ ಇಲ್ಲ, ಅದು ತಾನಾಗಿ ದೂರ ಹೋಗಿ ತಾನಾಗಿ ಮರಳುತ್ತದೆ. ನಾಲ್ಕನೆಯ ದಿನ ಪೋಷಕರು ಹೇಳಿಯೇ ಹೊರಡುತ್ತಾರೆ, ಆದರೆ ಕಟ್ಟಡದೊಳಗೇ ಇದ್ದು ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಹಿಂದಿರುಗುತ್ತಾರೆ. ಶಿಕ್ಷಕಿಯ ಸಾಂತ್ವನಕ್ಕೆ ಮಗು ಒಗ್ಗದಿದ್ದರೆ ಅವರನ್ನು ಕೂಡಲೇ ಕರೆಯಲಾಗುತ್ತದೆ. ಆ ನಾಲ್ಕನೆಯ ದಿನ ಸೋಮವಾರವಾದರೆ ಅಗಲಿಕೆಯನ್ನು ಮರುದಿನಕ್ಕೆ ಮುಂದೂಡುವುದು ಕ್ರಮ, ಏಕೆಂದರೆ ಎರಡು ದಿನ ಮನೆಯಲ್ಲಿದ್ದು ಬಂದ ಮಗುವಿಗೆ ಜಾಗ ಮತ್ತೆ ಹೊಸದಾಗಿರುತ್ತದೆ. ಒಂದರಿಂದ ಮೂರು ವಾರ ಹಿಡಿಯುವ ಈ ಪ್ರಕ್ರಿಯೆ ಮುಗಿಯಿತೆಂದು ಪರಿಗಣಿಸುವುದು ಮಗು ಅಳು ನಿಲ್ಲಿಸಿದಾಗಲ್ಲ. ಬೀಳ್ಕೊಡುವಾಗ ಅತ್ತರೂ ಶಿಕ್ಷಕಿಯ ತೋಳಿನಲ್ಲಿ ಅದು ಸಮಾಧಾನ ಹೊಂದತೊಡಗಿದಾಗ. ಜರ್ಮನಿಗೆ ಕೆಲಸಕ್ಕೆಂದು ಹೋದ ಕನ್ನಡ ದಂಪತಿಗಳು ಈ ವಾರಗಳಿಗಾಗಿಯೇ ರಜೆ ಉಳಿಸಿಕೊಳ್ಳಬೇಕಾಗುತ್ತದೆ. ಮೊದಲಿಗೆ ಕಾಲಹರಣವೆಂದು ಕಾಣಬಹುದಾದ ಈ ಕ್ರಮದಲ್ಲಿ ಆಳವಾದ ತಿಳಿವಳಿಕೆಯಿದೆ: ಮಗು ಒಂದು ಬಾಂಧವ್ಯವನ್ನು ಕಳೆದುಕೊಂಡು ಶಾಲೆಗೆ ಹೊಂದಿಕೊಳ್ಳುವುದಿಲ್ಲ, ಎರಡನೆಯದೊಂದನ್ನು ಗಳಿಸಿ ಹೊಂದಿಕೊಳ್ಳುತ್ತದೆ.

ಈ ದೃಷ್ಟಿಯಿಂದ ನೋಡಿದರೆ, ಬಣ್ಣದ ಗೋಡೆಗಳಾಗಲಿ ಜಾರುಬಂಡೆಯಾಗಲಿ ಇಲ್ಲದ ಹಳ್ಳಿಯ ಅಂಗನವಾಡಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಕೂಸು ಹುಟ್ಟುವ ಮೊದಲೇ ತಾಯಿಯ ಹೆಸರು ಅಲ್ಲಿ ದಾಖಲಾಗಿರುತ್ತದೆ. 2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಬಡಿಸಿದ್ದು ಅದೇ ಕೋಣೆಯಲ್ಲಿ. ಕೂಸನ್ನು ತೂಗಿದ್ದು, ಲಸಿಕೆಗೆ ಕರೆದದ್ದು ಅಲ್ಲಿಯೇ. ಅಕ್ಕನನ್ನೋ ಅಣ್ಣನನ್ನೋ ಬಿಡಲು ತಾಯಿ ಹೋದಾಗ ಸೊಂಟದ ಮೇಲೆ ಕುಳಿತು ನೋಡಿದ್ದೂ ಅದೇ ಬಾಗಿಲನ್ನು. ಟೀಚರಾಗಲಿ ಸಹಾಯಕಿಯಾಗಲಿ ಬಹುಪಾಲು ಅದೇ ಊರಿನವರಾದ್ದರಿಂದ ಮೂರು ತುಂಬಿದ ಮಗುವಿಗೆ ಅವರು ಅಪರಿಚಿತರಲ್ಲ, ಅವರಾಡುವ ಮಾತೂ ಮನೆಯ ಮಾತೇ. ಬರ್ಲಿನ್ನಿನಲ್ಲಿ ಯೋಜನೆ ಹಾಕಿ ಸಾಧಿಸುವ ಪರಿಚಯ ಇಲ್ಲಿ ಊರಿನ ಬದುಕಿನಿಂದಲೇ ಒದಗಿಬರುತ್ತದೆ. ಚಿಲಿಪಿಲಿ ಎಂಬ ಚಟುವಟಿಕೆ ಪುಸ್ತಕದ ಆಧಾರದ ಮೇಲೆ ನಡೆಯುವ ಶಾಲಾಪೂರ್ವ ಶಿಕ್ಷಣಕ್ಕೆ, ದಾಖಲಾತಿ ಪುಸ್ತಕಗಳನ್ನು ತುಂಬಿ ದಣಿದ ಕಾರ್ಯಕರ್ತೆಗೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದು ಗಂಭೀರವಾದದ್ದು. ಆದರೆ ಮಗುವನ್ನು ಬರಮಾಡಿಕೊಳ್ಳುವ ವಿಷಯದಲ್ಲಿ ಅಂಗನವಾಡಿ ಮುಂದಿದೆ.

ನಗರದ ಖಾಸಗಿ ನರ್ಸರಿ ಮತ್ತು ಎಲ್‌ಕೆಜಿಗಳಲ್ಲಿ ಪರಿಸ್ಥಿತಿ ಹೆಚ್ಚು ಕಡಿಮೆ ತಿರುವುಮುರುವು. ಪೋಷಕರು ಡಿಸೆಂಬರಿನಲ್ಲೇ ಅರ್ಜಿ ತುಂಬಿ ಶುಲ್ಕ ಕಟ್ಟಿದರೂ ಮಗುವಿಗೆ ಆ ಕಟ್ಟಡದ ಪರಿಚಯವಾಗುವುದು ತರಗತಿ ಆರಂಭವಾಗುವ ದಿನವೇ; ಹಲವೆಡೆ ಪೋಷಕರು ಗೇಟಿನಾಚೆ ಬರುವಂತಿಲ್ಲ, ಅಳುವ ಮಗುವನ್ನು ಆಯಾ ಎತ್ತಿಕೊಂಡು ಹೋಗುತ್ತಾಳೆ. ಕೆಲವು ಶಾಲೆಗಳು ಮೊದಲ ವಾರ ಒಂದೊಂದೇ ಗಂಟೆ ಕರೆಸಿ, ಮಕ್ಕಳನ್ನು ಸಣ್ಣ ಗುಂಪುಗಳಾಗಿ ಬೇರೆ ಬೇರೆ ಹೊತ್ತಿಗೆ ಬರಮಾಡಿಕೊಳ್ಳುತ್ತವೆ, ಇದು ಅನುಕರಣೀಯ. ಶಾಲೆಯನ್ನು ಆರಿಸುವಾಗ ಸ್ಮಾರ್ಟ್ ಬೋರ್ಡ್ ಇದೆಯೇ ಎಂದು ವಿಚಾರಿಸುವ ಪೋಷಕರು, ಮೊದಲ ಮೂರು ದಿನ ತಾವು ಒಳಗೆ ಕೂರಬಹುದೇ, ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಕೇಳುವುದು ಹೆಚ್ಚು ಪ್ರಯೋಜನಕರ. ಪ್ರವೇಶಕ್ಕಾಗಿ ಮಗುವಿನ ಅಥವಾ ಪೋಷಕರ ಸಂದರ್ಶನ ನಡೆಸುವ ರೂಢಿಗಂತೂ ಸಮರ್ಥನೆಯೇ ಇಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನ ಮೇಲಿನ ಹೊರೆಯ ಬಗ್ಗೆ ಮಾಡಿದ ಭಾಷಣ ದೇಶದ ಗಮನ ಸೆಳೆದ ಬಳಿಕ ನೇಮಕವಾದ ಯಶ್‌ಪಾಲ್ ಸಮಿತಿಯು 1993ರಲ್ಲಿಯೇ ನರ್ಸರಿ ಪ್ರವೇಶದ ಪರೀಕ್ಷೆ, ಸಂದರ್ಶನಗಳನ್ನು ನಿಲ್ಲಿಸಬೇಕೆಂದು ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಶಾಲಾ ಪ್ರವೇಶದಲ್ಲಿ ಇಂಥ ಜರಡಿ ಹಿಡಿಯುವಿಕೆಯನ್ನು ನಿಷೇಧಿಸಿದೆ.

ಮನೆಯ ಸಿದ್ಧತೆಗೆ ಬಂದರೆ, ಅದು ಶಾಲೆಗೆ ಒಂದು ತಿಂಗಳಿರುವಂತೆ ನಿದ್ದೆಯಿಂದ ಆರಂಭವಾಗಬೇಕು. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಯ ನಿದ್ದೆ ಬೇಕೆಂದೂ ಪರದೆಯ ಮುಂದೆ ಕೂರುವ ಹೊತ್ತು ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ತಂದೆ ಕೆಲಸದಿಂದ ಬರುವವರೆಗೆ ಕಾದು ರಾತ್ರಿ ಹನ್ನೊಂದಕ್ಕೆ ಮಲಗುವ ಮಗುವನ್ನು ಬೆಳಗ್ಗೆ ಏಳಕ್ಕೆ ಎಬ್ಬಿಸಿದರೆ ಅದರ ಅಳುವಿನಲ್ಲಿ ಅರ್ಧ ಪಾಲು ನಿದ್ದೆಗೇಡಿನದೇ ಆಗಿರುತ್ತದೆ. ಊಟದ ಡಬ್ಬಿಯ ಮುಚ್ಚಳವನ್ನು ಮಗು ತಾನೇ ತೆರೆಯಬಲ್ಲದೇ, ಒಬ್ಬರ ಕೈತುತ್ತಿಲ್ಲದೆ ಇಡ್ಲಿಯ ಚೂರನ್ನೋ ಚಪಾತಿಯ ಸುರುಳಿಯನ್ನೋ ಬಾಯಿಗಿಟ್ಟುಕೊಳ್ಳಬಲ್ಲದೇ ಎಂಬುದನ್ನು ಮನೆಯಲ್ಲೇ ನೋಡಬೇಕು. ಬೆಲ್ಟು, ಗುಂಡಿ, ಹುಕ್ಕುಗಳ ಬದಲು ಎಲಾಸ್ಟಿಕ್ ಇರುವ ಚಡ್ಡಿ ಒಳ್ಳೆಯದು, ಏಕೆಂದರೆ ಚಡ್ಡಿ ಬಿಚ್ಚಲಾಗದೆ ಒದ್ದೆ ಮಾಡಿಕೊಂಡ ಮಗುವಿಗೆ ಆಗುವ ನಾಚಿಕೆ ಅದನ್ನು ಮರುದಿನ ಶಾಲೆಯಿಂದಲೇ ದೂರ ಸರಿಸಬಲ್ಲದು.

ಶೌಚದ ವಿಷಯವನ್ನು ಕುಟುಂಬಗಳು ಸಂಕೋಚದಿಂದ ಬಿಟ್ಟುಬಿಡುತ್ತವೆ, ಆದರೆ ಮೊದಲ ವಾರದ ಎಷ್ಟೋ ಸಂಕಟಗಳ ಬೇರು ಅಲ್ಲಿದೆ. ಮನೆಯಲ್ಲಿ ಕಮೋಡಿಗೆ ಒಗ್ಗಿದ ಮಗುವಿಗೆ ಶಾಲೆಯ ಭಾರತೀಯ ಶೈಲಿಯ ಶೌಚಾಲಯ ಹೊಸದು, ಮನೆಯಲ್ಲಿ ಅದಕ್ಕೆ ಒಗ್ಗಿದ ಮಗುವಿಗೆ ಕಮೋಡು ಹೊಸದು. ಕತ್ತಲೆಯ ಕೋಣೆ, ಒದ್ದೆ ನೆಲ, ಅಗುಳಿ ಬಿದ್ದರೆ ಎಂಬ ಭಯ ಸೇರಿ ಮಕ್ಕಳು ಗಂಟೆಗಟ್ಟಲೆ ತಡೆದುಕೊಂಡು ಕೂರುತ್ತಾರೆ, ಇದು ಮುಂದುವರಿದರೆ ಮಲಬದ್ಧತೆ ಅಂಟಿಕೊಳ್ಳುತ್ತದೆ. ಶಾಲೆಗೆ ಮೊದಲೇ ಹೋಗಿ ಆ ಕೋಣೆಯನ್ನು ಮಗುವಿಗೆ ತೋರಿಸುವುದು, ತರಗತಿಯ ಕೋಣೆಯನ್ನು ತೋರಿಸುವುದಕ್ಕಿಂತ ಮುಖ್ಯ. ಒಂದಕ್ಕೆ, ಎರಡಕ್ಕೆ ಎಂಬ ಶಾಲೆಯ ಮಾತುಗಳನ್ನು ಕಲಿಸುವುದರ ಜೊತೆಗೆ, ಮನೆಯಲ್ಲಿ ಮಗು ಬಳಸುವ ಮಾತನ್ನು ಟೀಚರಿಗೂ ತಿಳಿಸಿರಬೇಕು. ತುಳು, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ, ಕೊಡವ ನುಡಿಗಳ ಮನೆಯಿಂದ ಕನ್ನಡದ ಅಥವಾ ಇಂಗ್ಲಿಷಿನ ತರಗತಿಗೆ ಬರುವ ಮಗುವಿಗೆ ಇದು ಇನ್ನಷ್ಟು ಅಗತ್ಯ. ನೀರು, ನೋವು, ಹಸಿವು, ಅಮ್ಮ, ಸಾಕು ಎಂಬುದಕ್ಕೆ ಮಗುವಿನ ಮನೆಮಾತಿನಲ್ಲಿರುವ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು, ಅದು ಯಾವ ಪಠ್ಯಪುಸ್ತಕಕ್ಕಿಂತಲೂ ಮೊದಲು ತಲುಪಬೇಕಾದ ಬರಹ.

ಅಕ್ಷರದ ವಿಷಯದಲ್ಲಿ ಆತುರ ಬೇಡ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದವರೆಗೆ ನಿಗದಿತ ಪಠ್ಯಪುಸ್ತಕವೇ ಬೇಡವೆಂದು ಹೇಳಿ, ಆಟ, ಕಥೆ, ಹಾಡು ಮತ್ತು ಮನೆಮಾತಿಗೆ ಆದ್ಯತೆ ಕೊಟ್ಟಿದೆ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಎಳೆಲುಬುಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಬೆರಳಿನ ಸೂಕ್ಷ್ಮ ಚಲನೆಗಳು ಈಗಷ್ಟೇ ಪಳಗುತ್ತಿರುತ್ತವೆ; ಅವನ್ನು ಪಳಗಿಸಲು ನಾಲ್ಕು ಗೆರೆಯ ಕಾಪಿ ಪುಸ್ತಕಕ್ಕಿಂತ ಅವರೆಕಾಳು ಹಿತಕುವುದು, ಬಟಾಣಿ ಸುಲಿಯುವುದು, ಚಪಾತಿ ಹಿಟ್ಟಿನ ಉಂಡೆ ಕಟ್ಟುವುದು, ಅಂಗಳದಲ್ಲಿ ರಂಗೋಲಿ ಪುಡಿ ಎಳೆಯುವುದು ಉತ್ತಮ ದಾರಿಗಳು. ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಾಗಲಿ ವಿಜಯದಶಮಿಯಂದು ಮನೆಯಲ್ಲಾಗಲಿ ಮಾಡಿಸುವ ಅಕ್ಷರಾಭ್ಯಾಸದಲ್ಲಿ ಮಗು ಹಿರಿಯರ ತೊಡೆಯ ಮೇಲೆ ಕುಳಿತು, ಅವರ ಕೈಯೊಳಗೆ ಕೈಯಿಟ್ಟು, ಅಕ್ಕಿಯ ಮೇಲೆ ಬೆರಳಾಡಿಸುತ್ತದೆ. ಮೊದಲ ಅಕ್ಷರ ಅಪ್ಪುಗೆಯೊಳಗೇ ಮೂಡಬೇಕೆಂಬ ಈ ಆಚಾರದ ವಿವೇಕವನ್ನು ಇಂದಿನ ಮನೋವಿಜ್ಞಾನ ಒಪ್ಪುತ್ತದೆ.

ವಯಸ್ಸಿನ ಕುರಿತೂ ಒಂದು ಮಾತು ಅಗತ್ಯ. ಜೂನ್ 1ಕ್ಕೆ ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು, ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. ಈಗಾಗಲೇ ಎಲ್‌ಕೆಜಿ, ಯುಕೆಜಿ ಮುಗಿಸಿದ್ದ ಮಕ್ಕಳಿಗೆ 2025-26ರ ಸಾಲಿಗೆ ಮಾತ್ರ ಒಂದನೇ ತರಗತಿಯ ಮಿತಿಯನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಒಂದು ವರ್ಷ ವ್ಯರ್ಥವಾಯಿತೆಂದು ಕೊರಗುವ ಪೋಷಕರು, ಆ ವರ್ಷ ಮಗುವಿನ ಪಾಲಿಗೆ ಮಾತು, ಮೈಬಲ, ಅಗಲಿಕೆ ತಾಳುವ ಶಕ್ತಿಗಳ ಗಳಿಕೆ ಎಂದು ತಿಳಿದರೆ ಮೊದಲ ವಾರದ ಕಷ್ಟ ಬಹಳಷ್ಟು ತಗ್ಗುತ್ತದೆ.

ಬೀಳ್ಕೊಡುವ ಗಳಿಗೆಯಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪೆಂದರೆ ಮಗುವಿನ ಕಣ್ಣು ತಪ್ಪಿಸಿ ಹೊರಟುಬಿಡುವುದು. ಆ ಕ್ಷಣದ ಅಳು ಅದರಿಂದ ತಪ್ಪುತ್ತದೆ; ಆದರೆ ತಿರುಗಿ ನೋಡಿದರೆ ಅಮ್ಮ ಇಲ್ಲವಾಗಬಹುದು ಎಂಬ ಪಾಠವನ್ನು ಮಗು ಕಲಿತು, ಅಂದಿನಿಂದ ಮನೆಯಲ್ಲೂ ಸೆರಗು ಬಿಡುವುದಿಲ್ಲ. ಹೇಳಿ ಹೊರಡಬೇಕು, ಬೇಗ ಹೊರಡಬೇಕು, ಹೊರಟ ಮೇಲೆ ಕಿಟಕಿಯಿಂದ ಇಣುಕಬಾರದು. ಹನ್ನೆರಡೂವರೆಗೆ ಬರುತ್ತೇನೆ ಎಂಬುದು ಮೂರು ವರ್ಷದ ಮಗುವಿಗೆ ಅರ್ಥವಾಗುವುದಿಲ್ಲ, ಊಟ ಮಾಡಿ ಕೈ ತೊಳೆದ ಮೇಲೆ ಅಜ್ಜಿ ಬರುತ್ತಾಳೆ ಎಂಬುದು ಅರ್ಥವಾಗುತ್ತದೆ. ಹಾಗೆಂದ ಮೇಲೆ ಅಜ್ಜಿ ಆ ಹೊತ್ತಿಗೆ ಅಲ್ಲಿ ಇರಲೇಬೇಕು, ಮೊದಲ ದಿನಗಳಲ್ಲಿ ಹತ್ತು ನಿಮಿಷದ ತಡವೂ ಮಗುವಿನ ಪಾಲಿಗೆ ಮಾತು ಮುರಿದಂತೆ. ಮನೆಯಲ್ಲಿ ಯಾರಿಗೆ ಕಣ್ಣೀರು ತಡೆಯಲಾಗುವುದಿಲ್ಲವೋ ಅವರ ಬದಲು, ಶಾಂತವಾಗಿ ಕೈಬೀಸಬಲ್ಲವರು ಬಿಡಲು ಹೋಗುವುದು ಲೇಸು. ಊಟ ಮಾಡದಿದ್ದರೆ ಮಿಸ್ಸಿಗೆ ಹೇಳುತ್ತೇನೆ, ತಂಟೆ ಮಾಡಿದರೆ ಶಾಲೆಗೆ ಹಾಕುತ್ತೇನೆ ಎಂದು ತಿಂಗಳುಗಟ್ಟಲೆ ಬೆದರಿಸಿದ ಮನೆ, ಜೂನ್ ಬಂದೊಡನೆ ಮಿಸ್ಸು ಒಳ್ಳೆಯವರು ಎಂದರೆ ಮಗು ನಂಬುವುದಿಲ್ಲ.

ಮಧ್ಯಾಹ್ನ ಮನೆಗೆ ಬಂದ ಮಗು ಸಣ್ಣದಕ್ಕೂ ಚೀರಾಡಬಹುದು, ಬಿಟ್ಟಿದ್ದ ಹೆಬ್ಬೆರಳು ಚೀಪುವುದನ್ನು ಮತ್ತೆ ಹಿಡಿಯಬಹುದು, ರಾತ್ರಿ ಹಾಸಿಗೆ ಒದ್ದೆ ಮಾಡಬಹುದು. ಹೊಸ ಜಾಗದಲ್ಲಿ ಗಂಟೆಗಟ್ಟಲೆ ತನ್ನನ್ನು ಹಿಡಿದಿಟ್ಟುಕೊಂಡ ಮಗು ನಂಬಿಕೆಯಿರುವ ಮನೆಯಲ್ಲಿ ಸಡಿಲಗೊಳ್ಳುವ ಬಗೆ ಇದು. ಗದರಿಕೆಗೆ ಇಲ್ಲಿ ಜಾಗವಿಲ್ಲ. ಏನು ಕಲಿಸಿದರು, ಯಾವ ರೈಮ್ಸ್ ಹೇಳು ಎಂದು ಅಡ್ಡಗಟ್ಟುವ ಬದಲು ಊಟ ಕೊಟ್ಟು ಮಲಗಿಸಿ, ಸಂಜೆ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂದು ಮಾತಿಗೆಳೆದರೆ ಸಾಕು. ಮಳೆಗಾಲವೂ ಮಕ್ಕಳ ಗುಂಪೂ ಒಂದೇ ಬಾರಿಗೆ ಒದಗುವುದರಿಂದ ಮೊದಲ ವರ್ಷ ನೆಗಡಿ, ಕೆಮ್ಮು, ಜ್ವರಗಳು ಮತ್ತೆ ಮತ್ತೆ ಬರುತ್ತವೆ. ಜ್ವರವಿರುವ ಮಗುವನ್ನು ಹಾಜರಾತಿಗಾಗಿ ಕಳಿಸಬಾರದು. ನಾಲ್ಕು ವಾರ ಕಳೆದರೂ ಅಗಲಿಕೆಯ ಭಯ ತಗ್ಗದೆ ನಿದ್ದೆ ಊಟಗಳು ಕೆಟ್ಟರೆ ಮಕ್ಕಳ ವೈದ್ಯರನ್ನು ಕಾಣಬೇಕು. ಮನೆಯಲ್ಲಿ ಚಟಪಟ ಮಾತನಾಡುವ ಮಗು ಮೊದಲ ತಿಂಗಳು ದಾಟಿದ ಮೇಲೂ ಶಾಲೆಯಲ್ಲಿ ಒಂದು ಮಾತೂ ಆಡದಿದ್ದರೆ, ಅದು ನಾಚಿಕೆಯಾಗಿರದೆ ಆಯ್ದ ಮೌನ ಎಂದು ಕರೆಯಲಾಗುವ ಆತಂಕದ ಸ್ಥಿತಿಯಾಗಿರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಜುಲೈ ಹೊತ್ತಿಗೆ ನಗುತ್ತ ಹೋಗತೊಡಗಿದ ಮಗು ದಸರಾ ರಜೆ ಮುಗಿದ ಮೊದಲ ಬೆಳಗ್ಗೆ ಮತ್ತೆ ಅಳುತ್ತದೆ ಎಂಬುದನ್ನು ಕುಟುಂಬಗಳು ಮೊದಲೇ ತಿಳಿದಿದ್ದರೆ ಒಳ್ಳೆಯದು. ಊರಿಗೆ ಹೋಗಿ ಬಂದವರು ರಜೆ ಮುಗಿಯಲು ಎರಡು ದಿನವಿರುವಾಗಲೇ ಮರಳಿ, ಮಲಗುವ ಮತ್ತು ಏಳುವ ಹೊತ್ತನ್ನು ಹಳಿಗೆ ತಂದು, ಶಾಲೆಯ ಗೆಳೆಯನ ಮನೆಗೊಮ್ಮೆ ಮಗುವನ್ನು ಕರೆದೊಯ್ದರೆ, ಆ ಅಳು ಜೂನಿನಷ್ಟು ದಿನ ಉಳಿಯುವುದಿಲ್ಲ.